ಸೇವೆಯ ಪಾಠ: ಕಲಿಸುವವರು ಯಾರು, ಕಲಿಯುವವರು ಯಾರು?

ಕಲಬುರಗಿ ನಗರದಿಂದ ಹೊರಡುವ ಸೇಡಂ ರಸ್ತೆಯನ್ನು ವಿದ್ಯೆಯ ರಸ್ತೆ ಎಂದು ಕರೆದರೆ ತಪ್ಪಾಗಲಾರದು. ಗುಲಬರ್ಗಾ ವಿಶ್ವವಿದ್ಯಾಲಯದ ‘ಜ್ಞಾನಗಂಗಾ’ ಆವರಣ ಇರುವುದು ಈ ರಸ್ತೆಯಲ್ಲೇ. ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇಎಸ್‌ಐಸಿ ವೈದ್ಯಕೀಯ ಕಾಲೇಜುಗಳೂ ಇದೇ ರಸ್ತೆಯಲ್ಲಿವೆ. ನಗರದ ಅಂಚು ದಾಟಿದರೆ ತೊಗರಿ, ಜೋಳದ ಎರೆಹೊಲಗಳು. ಇನ್ನೂ ಮುಂದೆ ಹೋದರೆ ಕಾಗಿಣಾ ನದಿಯ ದಂಡೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ಈಗ ದೊರೆತಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು 9ನೇ ಶತಮಾನದಲ್ಲಿ, ಅಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ.

ಅಕ್ಷರಕ್ಕೆ ಇಷ್ಟು ಹಳೆಯ ನಂಟಿರುವ ಈ ನೆಲದಲ್ಲಿ 2011ರ ಜನಗಣತಿಯ ವೇಳೆಗೆ ಜಿಲ್ಲೆಯ ಸಾಕ್ಷರತೆ ಶೇಕಡ 65ರಷ್ಟು ಮಾತ್ರ ಇತ್ತು. ರಾಜ್ಯದ ಸರಾಸರಿ ಆಗ ಶೇಕಡ 75ನ್ನು ದಾಟಿತ್ತು. ಓದಿದವರ ಆವರಣವೂ ಓದದವರ ಹಳ್ಳಿಯೂ ಒಂದೇ ರಸ್ತೆಯ ಎರಡು ಬದಿಗೆ ಇದ್ದಂತೆ. ಇವೆರಡರ ನಡುವೆ ವಿದ್ಯಾರ್ಥಿ ನಡೆದಾಡಬೇಕು ಎಂಬ ಯೋಚನೆಯೇ ಕಾಲೇಜುಗಳಲ್ಲಿ ‘ಸಮಾಜಸೇವೆ’ಯ ಪಾಠವಾಗಿ ಬಂದಿದೆ. ಅದಕ್ಕೆ ನಮ್ಮಲ್ಲಿ ಬಹುಕಾಲದಿಂದ ಇರುವ ಹೆಸರು ರಾಷ್ಟ್ರೀಯ ಸೇವಾ ಯೋಜನೆ, ಎಲ್ಲರ ಬಾಯಲ್ಲಿ ಎನ್ನೆಸ್ಸೆಸ್.

ವರ್ಷಕ್ಕೊಮ್ಮೆ ಒಂದು ಹಳ್ಳಿಯ ಶಾಲೆಯ ಮುಂದೆ ಬಟ್ಟೆಯ ಫಲಕ ಕಟ್ಟಿ, ನಸುಕಿನಲ್ಲಿ ಪ್ರಭಾತಫೇರಿ ಹೊರಡಿಸಿ, ಸಲಿಕೆ ಬುಟ್ಟಿ ಹಿಡಿದು ಚರಂಡಿಗೆ ಇಳಿಯುವ ಹುಡುಗ ಹುಡುಗಿಯರನ್ನು ಎಲ್ಲರೂ ನೋಡಿರುತ್ತಾರೆ. ಅವರು ಊರಿಗೆ ಏನು ಕೊಟ್ಟರು ಎಂದು ಕೇಳುವವರು ಬಹಳ. ಅವರು ಊರಿನಿಂದ ಏನು ಪಡೆದರು ಎಂದು ಕೇಳುವವರು ಕಡಿಮೆ. ಏಳು ದಿನದ ಶ್ರಮದಾನದಿಂದ ಯಾವ ಊರೂ ಉದ್ಧಾರವಾಗದು. ಆದರೆ ಏಳು ದಿನದಲ್ಲಿ ಒಬ್ಬ ವಿದ್ಯಾರ್ಥಿಯ ಕಣ್ಣು ತೆರೆಯಬಹುದು. ಈ ಕಲಿಕೆಯ ಲೆಕ್ಕ ಹಾಕಬೇಕಾದದ್ದು ಎರಡನೆಯ ಪ್ರಶ್ನೆಯಿಂದ.

ಗಾಂಧಿ ಶತಮಾನೋತ್ಸವದ ಕೂಸು

ಕಾಲೇಜು ವಿದ್ಯಾರ್ಥಿಗಳು ಸಮಾಜಕ್ಕಾಗಿ ಸ್ವಲ್ಪ ಕಾಲ ದುಡಿಯಬೇಕೆಂಬ ಮಾತು ಸ್ವಾತಂತ್ರ್ಯ ಬಂದ ಹೊಸದರಲ್ಲೇ ಕೇಳಿಬಂದಿತ್ತು. ಡಾ. ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಅಂಥ ಸೇವೆಯನ್ನು ಶಿಫಾರಸು ಮಾಡಿತು, ಆದರೆ ಅದು ಸ್ವಇಚ್ಛೆಯದಾಗಿರಲಿ ಎಂದಿತು. ಪದವಿಗೆ ಮುನ್ನ ಸೇವೆ ಕಡ್ಡಾಯವಾಗಬೇಕೆಂಬ ವಿಚಾರ ನೆಹರೂ ಅವರ ಮನಸ್ಸಿನಲ್ಲೂ ಇತ್ತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ಇದನ್ನು ಪರಿಶೀಲಿಸಿತು. ಬಳಿಕ ಕೆ.ಜಿ. ಸೈಯಿದೈನ್ ಬೇರೆ ಬೇರೆ ದೇಶಗಳ ಯುವಜನ ಸೇವೆಯ ಪದ್ಧತಿಗಳನ್ನು ಅಧ್ಯಯನ ಮಾಡಿ ವರದಿ ಕೊಟ್ಟರು. 1964–66ರ ಕೊಠಾರಿ ಆಯೋಗವೂ ಶಿಕ್ಷಣದ ಎಲ್ಲ ಹಂತಗಳಲ್ಲಿ ಸಮಾಜಸೇವೆ ಇರಬೇಕೆಂದಿತು.

ಕೊನೆಗೆ ಯೋಜನೆ ಕಾರ್ಯರೂಪಕ್ಕೆ ಬಂದದ್ದು ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷದಲ್ಲಿ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಅದು ಆರಂಭವಾಯಿತು. ಚಾಲನೆ ಕೊಟ್ಟ ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರಿಗೂ ಕರ್ನಾಟಕಕ್ಕೂ ಹತ್ತಿರದ ನಂಟು. ಹೆಸರಾಂತ ಅರ್ಥಶಾಸ್ತ್ರಜ್ಞರಾದ ಅವರು ಲೋಕಸಭೆಗೆ ಆಯ್ಕೆಯಾಗಿದ್ದು ಬಳ್ಳಾರಿ ಕ್ಷೇತ್ರದಿಂದ. ಬೆಂಗಳೂರಿನಲ್ಲಿ 1972ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ.

ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಲಾಂಛನ ಕೊನಾರ್ಕದ ಸೂರ್ಯದೇವಾಲಯದ ರಥಚಕ್ರ. ಅದರ ಎಂಟು ಅರೆಕಾಲುಗಳು ದಿನದ ಎಂಟು ಜಾವಗಳ, ಅಂದರೆ 24 ಗಂಟೆಯ ಸಂಕೇತ. ಮೊದಲ ವರ್ಷಗಳಲ್ಲೇ ಇದಕ್ಕೆ ಸತ್ವಪರೀಕ್ಷೆ ಎದುರಾಯಿತು. 1970ರ ದಶಕದ ಆರಂಭದಲ್ಲಿ ಉತ್ತರ ಕರ್ನಾಟಕವೂ ಸೇರಿ ದಖ್ಖನ್ ಪ್ರಸ್ಥಭೂಮಿಯ ಬಹುಭಾಗ ಬರದಿಂದ ತತ್ತರಿಸಿತು. 1973ರಲ್ಲಿ ‘ಕ್ಷಾಮದ ವಿರುದ್ಧ ಯುವಜನ’ ಎಂಬ ಹೆಸರಿನಲ್ಲಿ ದೇಶದ ಹಲವೆಡೆ ಶಿಬಿರಗಳು ನಡೆದವು. ಹಳ್ಳಿಯಲ್ಲಿ ಬೀಡುಬಿಟ್ಟು ನಡೆಸುವ ವಿಶೇಷ ಶಿಬಿರದ ಪದ್ಧತಿ ಗಟ್ಟಿಯಾದದ್ದು ಅಂಥ ಅನುಭವದಿಂದ.

ಕಲಬುರಗಿಯಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ತೆರೆದದ್ದು 1970ರಲ್ಲಿ. ಅದು ಸ್ವತಂತ್ರ ಗುಲಬರ್ಗಾ ವಿಶ್ವವಿದ್ಯಾಲಯವಾದದ್ದು 1980ರಲ್ಲಿ. ನಿಜಾಮರ ಆಳ್ವಿಕೆಯಿಂದ 1948ರಲ್ಲಷ್ಟೇ ಬಿಡುಗಡೆಯಾಗಿದ್ದ ಪ್ರದೇಶಕ್ಕೆ ಉನ್ನತ ಶಿಕ್ಷಣ ಮನೆಬಾಗಿಲಿಗೆ ಬಂದಂತಾಯಿತು. ಆದ್ದರಿಂದ ಇಲ್ಲಿನ ತರಗತಿಗಳನ್ನು ತುಂಬಿದವರಲ್ಲಿ ಬಹುಮಂದಿ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಈ ಸಂಗತಿಯನ್ನು ಮರೆತರೆ ಇಲ್ಲಿಯ ಸೇವಾ ಶಿಬಿರದ ಅರ್ಥ ತಿಳಿಯುವುದಿಲ್ಲ. ಮಹಾನಗರದ ಹುಡುಗನಿಗೆ ಹಳ್ಳಿ ಎಂದರೆ ಹೊಸ ದೇಶ. ಅಫಜಲಪುರದಿಂದಲೋ ಚಿಂಚೋಳಿಯಿಂದಲೋ ಬಂದವನಿಗೆ ಅದು ಬಿಟ್ಟುಬಂದ ಮನೆ. ಅಲ್ಲಿಂದ ಪಾರಾಗಲೆಂದೇ ಅವನು ಓದಿದ್ದಾನೆ. ಅವನನ್ನು ಮತ್ತೆ ಸಲಿಕೆ ಕೊಟ್ಟು ಹಳ್ಳಿಗೇ ಕಳಿಸಿದಾಗ ಅವನು ಕಲಿಯುವುದೇನು?

240 ಗಂಟೆಯ ಲೆಕ್ಕ

ನಿಯಮದಂತೆ ಒಬ್ಬ ಸ್ವಯಂಸೇವಕ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ವರ್ಷಕ್ಕೆ ಬರುವ 120 ಗಂಟೆಗಳಲ್ಲಿ 20 ಗಂಟೆ ಪರಿಚಯ ಪಾಠಕ್ಕೆ, 30 ಗಂಟೆ ಕಾಲೇಜಿನ ಆವರಣದ ಕೆಲಸಕ್ಕೆ, ಉಳಿದ 70 ಗಂಟೆ ಸಮುದಾಯದ ನಡುವಿನ ಕೆಲಸಕ್ಕೆ ಎಂಬುದು ಹಂಚಿಕೆ. ಇದರ ಜೊತೆಗೆ ಒಂದು ವಿಶೇಷ ಶಿಬಿರದಲ್ಲಿ ಪಾಲ್ಗೊಂಡರೆ ಪ್ರಮಾಣಪತ್ರ. ನೂರು ವಿದ್ಯಾರ್ಥಿಗಳಿಗೆ ಒಂದು ಘಟಕ, ಅದಕ್ಕೊಬ್ಬ ಅಧ್ಯಾಪಕ ಕಾರ್ಯಕ್ರಮಾಧಿಕಾರಿ. ಹಿಂದೆ ಹತ್ತು ದಿನವಿದ್ದ ಶಿಬಿರ ಈಗ ಏಳು ದಿನ. ಒಂದು ಹಳ್ಳಿಯನ್ನೋ ಕೊಳೆಗೇರಿಯನ್ನೋ ‘ದತ್ತು’ ಪಡೆದು ವರ್ಷವಿಡೀ ಅದರ ಸಂಪರ್ಕ ಇಟ್ಟುಕೊಳ್ಳಬೇಕು. ಶಿಬಿರ ಎಂಬುದು ಆ ಸಂಪರ್ಕದ ಒಂದು ಘಟ್ಟವಾಗಬೇಕೇ ಹೊರತು ಅದೇ ಎಲ್ಲವೂ ಆಗಬಾರದು ಎಂಬುದು ಯೋಜನೆಯ ಮೂಲ ಆಶಯ.

ಲೆಕ್ಕ ಸರಿಯಾಗಿದೆ. ಕಲಿಕೆ ಮಾತ್ರ ಈ ಲೆಕ್ಕದ ಹೊರಗೆ ನಡೆಯುತ್ತದೆ. ಅದು ಶುರುವಾಗುವುದು ಸಾಮಾನ್ಯವಾಗಿ ಒಂದು ತಪ್ಪಿನಿಂದ.

ಉದಾಹರಣೆಗೆ ಹೊತ್ತಿನ ಪಾಠ. ಶಿಬಿರದ ವೇಳಾಪಟ್ಟಿಯಲ್ಲಿ ಮಧ್ಯಾಹ್ನ ಮೂರಕ್ಕೆ ‘ಗ್ರಾಮಸ್ಥರೊಂದಿಗೆ ಸಂವಾದ’ ಎಂದಿರುತ್ತದೆ. ಮೂರಕ್ಕೆ ಊರಿನಲ್ಲಿ ಗ್ರಾಮಸ್ಥರೇ ಇರುವುದಿಲ್ಲ. ತೊಗರಿ ಕೊಯ್ಲಿನ ದಿನಗಳಲ್ಲಿ, ಜೋಳದ ಸುಗ್ಗಿಯಲ್ಲಿ, ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೋದವರು ಮರಳುವುದು ಹೊತ್ತು ಮುಳುಗಿದ ಮೇಲೆ. ಕಟ್ಟೆಯ ಮೇಲೆ ಕುಳಿತವರು ವಯಸ್ಸಾದವರು ಮತ್ತು ಕೆಲಸವಿಲ್ಲದವರು. ಅವರೊಡನೆ ಮಾತಾಡಿ ‘ಇದೇ ಊರಿನ ಅಭಿಪ್ರಾಯ’ ಎಂದು ಬರೆದುಕೊಂಡರೆ ಅರ್ಧ ಊರು, ಅದರಲ್ಲೂ ಹೆಂಗಸರು ಪೂರ್ತಿ ಬಿಟ್ಟುಹೋಗುತ್ತಾರೆ. ಜನರ ಕೆಲಸದ ಹೊತ್ತಿಗೆ ತನ್ನ ಗಡಿಯಾರವನ್ನು ಹೊಂದಿಸಿಕೊಳ್ಳಬೇಕೆಂಬ ತಿಳಿವು ಮುಂದೆ ಅಧಿಕಾರಿಯಾಗುವವನಿಗೆ ಸಣ್ಣದಲ್ಲ.

ಎರಡನೆಯದು ಪ್ರಶ್ನೆ ಕೇಳುವ ಪಾಠ. ಸಮೀಕ್ಷೆಯ ನಮೂನೆ ಹಿಡಿದು ‘ನಿಮ್ಮ ವಾರ್ಷಿಕ ಆದಾಯ ಎಷ್ಟು?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ಸರಿಯಾಗಿರುವುದಿಲ್ಲ. ಮಳೆಯನ್ನು ನಂಬಿ ಬದುಕುವವರಿಗೆ ತಿಂಗಳ ಸಂಬಳದ ಲೆಕ್ಕ ಒಗ್ಗುವುದಿಲ್ಲ. ಅದೂ ಅಲ್ಲದೆ, ಬರೆದುಕೊಳ್ಳಲು ಬಂದವರು ಪಡಿತರ ಚೀಟಿ ಕಿತ್ತುಕೊಳ್ಳಲು ಬಂದಿರಬಹುದೇ ಎಂಬ ಅನುಮಾನವೂ ಇರುತ್ತದೆ. ಈ ಬಾರಿ ಎಷ್ಟು ಚೀಲ ತೊಗರಿ ಬಂತು, ಬೀಜಕ್ಕೆ ಯಾರ ಹತ್ತಿರ ಸಾಲ ಮಾಡಿದಿರಿ, ಮನೆಯವರು ಯಾರಾದರೂ ದುಡಿಯಲು ಪುಣೆಗೋ ಮುಂಬೈಗೋ ಹೋಗಿದ್ದಾರೆಯೇ ಎಂದು ಕೇಳಿದರೆ ಮಾತು ಹರಿಯುತ್ತದೆ. ಇನ್ನು ಲಂಬಾಣಿ ತಾಂಡಾಕ್ಕೆ ಹೋದರೆ ಮನೆಯೊಳಗಿನ ಭಾಷೆ ಗೋರಬೋಲಿ. ಸೇಡಂ ಕಡೆ ಹೋದಂತೆ ತೆಲುಗು ಕಿವಿಗೆ ಬೀಳುತ್ತದೆ. ದಖ್ಖನಿ ಉರ್ದು ಎಲ್ಲೆಡೆಯೂ ಉಂಟು. ನಮೂನೆಯ ಗ್ರಾಂಥಿಕ ಕನ್ನಡ ಇವರಲ್ಲಿ ಯಾರ ಮನೆಮಾತೂ ಅಲ್ಲ. ಕನ್ನಡವನ್ನೇ ಮಾತಾಡುವ ಮನೆಯಲ್ಲೂ ಅದನ್ನು ಆಡುಮಾತಿಗೆ ಇಳಿಸಿ ಕೇಳಬೇಕಾಗುತ್ತದೆ.

ಎರೆಮಣ್ಣು ಹೇಳಿಕೊಟ್ಟದ್ದು

ಮೂರನೆಯದು ನೆಲದ ಪಾಠ. ಶಿಬಿರಗಳಲ್ಲಿ ಬಚ್ಚಲ ನೀರಿಗಾಗಿ ಇಂಗುಗುಂಡಿ ತೋಡುವುದು ಹಳೆಯ ರೂಢಿ. ಗುಂಡಿ ತೆಗೆದು, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿದರೆ ನೀರು ಇಂಗಿಹೋಗುತ್ತದೆ, ಸೊಳ್ಳೆ ಕಡಿಮೆಯಾಗುತ್ತದೆ ಎಂಬುದು ಕೈಪಿಡಿಯ ಮಾತು. ಕೆಂಪು ಮಣ್ಣಿನಲ್ಲಿ, ಮರಳು ಮಿಶ್ರಿತ ನೆಲದಲ್ಲಿ ಈ ಮಾತು ಸರಿ. ಆದರೆ ಕಲಬುರಗಿ ಸೀಮೆಯ ಬಹುಭಾಗ ಎರೆಭೂಮಿ. ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಅದು ನೀರು ಕುಡಿದಾಗ ಉಬ್ಬಿ ತನ್ನ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಒಣಗಿದಾಗ ಬಿರುಕು ಬಿಡುತ್ತದೆ. ಹೀಗಾಗಿ ಕೈಪಿಡಿ ನೋಡಿ ತೋಡಿದ ಗುಂಡಿ ಕೆಲವೇ ದಿನಗಳಲ್ಲಿ ತುಂಬಿ, ಇಂಗಿಸಬೇಕಾದ ನೀರನ್ನು ಅಂಗಳದಲ್ಲೇ ನಿಲ್ಲಿಸುವ ಸಾಧ್ಯತೆ ಇದೆ.

‘ಇಲ್ಲಿ ನೀರು ಇಂಗೂದಿಲ್ರಿ ತಮ್ಮ’ ಎಂದು ಮನೆಯ ಯಜಮಾನ ಮೊದಲೇ ಹೇಳಬಲ್ಲ; ಕೇಳಬೇಕು ಅಷ್ಟೆ. ಎಷ್ಟು ಆಳಕ್ಕೆ ಹೋದರೆ ಮಣ್ಣು ಬದಲಾಗುತ್ತದೆ, ಬಚ್ಚಲ ನೀರನ್ನು ಹಿತ್ತಲಿನ ಬಾಳೆಗಿಡಕ್ಕೋ ನುಗ್ಗೆಗೋ ಹರಿಸುವುದು ಲೇಸೇ ಎಂಬುದು ಅವನಿಗೆ ಅನುಭವದಿಂದ ಗೊತ್ತು. ಭೂವಿಜ್ಞಾನ ಓದುವ ವಿದ್ಯಾರ್ಥಿ ಜೇಡಿಮಣ್ಣಿನ ಗುಣವನ್ನು ಪರೀಕ್ಷೆಯಲ್ಲಿ ಬರೆದಿರುತ್ತಾನೆ. ತಾನು ಬರೆದದ್ದೂ ಯಜಮಾನ ಹೇಳಿದ್ದೂ ಒಂದೇ ಎಂದು ಅವನಿಗೆ ಹೊಳೆಯುವುದು ಕಾಲು ಕೆಸರಾದಾಗ. ‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎಂಬ ಗಾದೆಯಲ್ಲಿ ಆಯ್ಕೆ ಕೊಟ್ಟಂತೆ ಕಂಡರೂ ಇಲ್ಲಿ ಎರಡೂ ಬೇಕಾಗುತ್ತವೆ.

ನಾಲ್ಕನೆಯದು, ಯಾರೂ ಫಲಕದಲ್ಲಿ ಬರೆಯದ ಪಾಠ. ಊರಿನ ಚರಂಡಿ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂದು ಅದರ ಜೊತೆಗೇ ನಡೆದು ನೋಡಿದವರಿಗೆ ಊರಿನ ಸಮಾಜಶಾಸ್ತ್ರ ತಾನಾಗಿ ತಿಳಿಯುತ್ತದೆ. ನೀರು ಇಳುಕಲಿನತ್ತ ಹರಿಯುತ್ತದೆ. ಎಷ್ಟೋ ಊರುಗಳಲ್ಲಿ ಆ ಇಳುಕಲಿನಲ್ಲಿ ಇರುವುದು ದಲಿತರ ಓಣಿ. ಅಗಸಿಯ ಬಳಿ ಕಸ ಗುಡಿಸಿ ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುವುದೋ, ಚರಂಡಿ ಮುಗಿಯುವ ಜಾಗದವರೆಗೂ ಹೋಗುವುದೋ ಎಂಬುದರ ಮೇಲೆ ಶಿಬಿರದ ಯೋಗ್ಯತೆ ನಿಂತಿರುತ್ತದೆ. ಶಿಬಿರದೊಳಗೂ ಅಷ್ಟೆ. ಬೇರೆ ಬೇರೆ ಜಾತಿ, ಮತ, ಮನೆಗಳಿಂದ ಬಂದ ಹುಡುಗರು ಒಂದೇ ಒಲೆಯ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡು, ಒಂದೇ ಕೋಣೆಯ ಪರಸಿಯ ಮೇಲೆ ಮಲಗುತ್ತಾರೆ. ಮನೆಯಲ್ಲಿ ತಟ್ಟೆ ಎತ್ತಿಡದ ಹುಡುಗ ಇಲ್ಲಿ ಪಾಳಿಯಂತೆ ಪಾತ್ರೆ ತಿಕ್ಕಬೇಕಾಗುತ್ತದೆ. ನಾಲ್ಕು ಜನರೆದುರು ಮಾತಾಡದ ಹುಡುಗಿ ಸಂಜೆಯ ಸಭೆಯಲ್ಲಿ ಸ್ವಾಗತ ಭಾಷಣ ಮಾಡುತ್ತಾಳೆ. ಇವು ಸಣ್ಣ ಸಂಗತಿಗಳೆಂದು ತಳ್ಳಿಹಾಕುವವರಿಗೆ ಈ ಭಾಗದ ಸಮಾಜದ ಪರಿಚಯ ಸಾಲದು.

ಐದನೆಯದು ನಾಗರಿಕ ಪಾಠ. ವೃದ್ಧಾಪ್ಯ ವೇತನ ನಿಂತುಹೋದ ಅಜ್ಜಿಯ ಹೆಸರು ಆಧಾರ್ ಚೀಟಿಯಲ್ಲಿ ಒಂದು ರೀತಿ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ರೀತಿ ಇರುತ್ತದೆ. ಅದನ್ನು ಸರಿಪಡಿಸಲು ನಾಡಕಚೇರಿಗೆ ಎಷ್ಟು ಸಲ ಹೋಗಬೇಕು, ಆ ಒಂದು ದಿನದ ಕೂಲಿ ಕಳೆದರೆ ಮನೆಯಲ್ಲಿ ಏನಾಗುತ್ತದೆ ಎಂಬುದು ರಾಜ್ಯಶಾಸ್ತ್ರದ ಪಠ್ಯದಲ್ಲಿ ಇಲ್ಲ. 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಗ್ರಾಮಸಭೆಗೆ ಜಾಗವಿದೆ ಎಂದು ಓದುವುದು ಬೇರೆ. ಗ್ರಾಮಸಭೆಯಲ್ಲಿ ಯಾರು ಮುಂದೆ ಕೂಡುತ್ತಾರೆ, ಯಾರು ಬಾಗಿಲ ಬಳಿ ನಿಲ್ಲುತ್ತಾರೆ, ಯಾರ ಮಾತು ದಾಖಲಾಗುತ್ತದೆ ಎಂದು ನೋಡುವುದು ಬೇರೆ.

ಕಮಲಾಪುರದ ನೆಲದಲ್ಲಿ ಬರೆದ ನಕ್ಷೆ

ಜನರಿಗೆ ತಿಳಿದದ್ದನ್ನು ಜನರಿಂದಲೇ ಕೇಳಿ ತಿಳಿಯುವ ವಿದ್ಯೆಗೆ ಕಲಬುರಗಿ ಜಿಲ್ಲೆಯಲ್ಲೇ ಒಂದು ಇತಿಹಾಸವಿದೆ. ಅದನ್ನು ಇಲ್ಲಿನ ವಿದ್ಯಾರ್ಥಿಗಳು ತಿಳಿದಿರಬೇಕು. ಕೆಂಬಾಳೆಗೆ ಹೆಸರಾದ, ಆ ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದ ಕಮಲಾಪುರ ಇರುವುದು ಹುಮನಾಬಾದ್ ರಸ್ತೆಯಲ್ಲಿ. ಈಚೆಗೆ, 2018ರಲ್ಲಿ ಅದು ತಾಲ್ಲೂಕು ಕೇಂದ್ರವಾಯಿತು. ಅದಕ್ಕೂ ಬಹಳ ಮೊದಲು, 1980ರ ದಶಕದ ಮಧ್ಯಭಾಗದಲ್ಲಿ, ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ಜಲಾನಯನ ಅಭಿವೃದ್ಧಿಯ ಒಂದು ಯೋಜನೆ ಆರಂಭವಾಯಿತು. ಕರ್ನಾಟಕ ಸರ್ಕಾರ, ಸ್ವಿಟ್ಜರ್‌ಲೆಂಡಿನ ಅಭಿವೃದ್ಧಿ ನೆರವು ಸಂಸ್ಥೆ ಮತ್ತು ಬೆಂಗಳೂರಿನ ಮೈರಾಡ ಸಂಸ್ಥೆ ಸೇರಿ ನಡೆಸಿದ ಆ ಯೋಜನೆ ‘ಪಿಡೋ’ ಎಂಬ ಚಿಕ್ಕ ಹೆಸರಿನಿಂದ ಪರಿಚಿತ.

ಮಳೆಯ ನೀರು ಕೊಚ್ಚಿಕೊಂಡು ಹೋಗದಂತೆ ಇಳಿಜಾರಿನ ಮಣ್ಣು ನೀರು ಎರಡನ್ನೂ ಹಿಡಿದಿಡುವುದು ಅದರ ಗುರಿ. ಎಲ್ಲಿ ಬದು ಹಾಕಬೇಕು, ಯಾವ ಹಳ್ಳಕ್ಕೆ ತಡೆ ಕಟ್ಟಬೇಕು ಎಂಬುದನ್ನು ತಂತ್ರಜ್ಞರು ನಕ್ಷೆ ನೋಡಿ ನಿರ್ಧರಿಸುವುದು ವಾಡಿಕೆ. 1989–90ರ ಸುಮಾರಿಗೆ ಮೈರಾಡ ಹೊಸದೊಂದು ಪದ್ಧತಿಯನ್ನು ಕೈಗೆತ್ತಿಕೊಂಡಿತು. ಅದೇ ಮುಂದೆ ಜಗತ್ತಿನಾದ್ಯಂತ ಹರಡಿದ ‘ಸಹಭಾಗಿ ಗ್ರಾಮೀಣ ಅವಲೋಕನ’. ಬ್ರಿಟನ್ನಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಆ ವರ್ಷಗಳಲ್ಲಿ ಭಾರತದಲ್ಲಿದ್ದು ಇಂಥ ಪ್ರಯೋಗಗಳ ಜೊತೆ ಒಡನಾಡಿ, ಇದರ ವಿಚಾರವನ್ನು ಹೊರಜಗತ್ತಿಗೆ ತಲುಪಿಸಿದರು.

ಪದ್ಧತಿ ಬಲು ಸರಳ. ಊರವರು ಅಂಗಳದಲ್ಲೋ ಶಾಲೆಯ ಬಯಲಿನಲ್ಲೋ ಕುಳಿತು, ರಂಗೋಲಿಪುಡಿ, ಸೀಮೆಸುಣ್ಣ, ಕಲ್ಲು, ಕಡ್ಡಿಗಳಿಂದ ತಮ್ಮ ಊರಿನ ನಕ್ಷೆಯನ್ನು ತಾವೇ ನೆಲದ ಮೇಲೆ ಬರೆಯುತ್ತಾರೆ. ಹಳ್ಳ, ಬಾವಿ, ಗುಡಿ, ಮಸೀದಿ, ಯಾರ ಹೊಲ ಎಲ್ಲಿ, ಯಾರ ಮನೆಯಲ್ಲಿ ಶಾಲೆಗೆ ಹೋಗದ ಮಕ್ಕಳಿದ್ದಾರೆ ಎಂಬುದೆಲ್ಲ ಅಲ್ಲಿ ಮೂಡುತ್ತದೆ. ಕಾಳುಗಳನ್ನು ಗುಂಪುಮಾಡಿ ಯಾವ ತಿಂಗಳು ಕೆಲಸ ಹೆಚ್ಚು, ಯಾವ ತಿಂಗಳು ಹಸಿವು ಹೆಚ್ಚು ಎಂದು ತೋರಿಸುತ್ತಾರೆ. ಓದು ಬಾರದವರೂ ಇದನ್ನು ಮಾಡಬಲ್ಲರು. ದಿನವೂ ರಂಗೋಲಿ ಹಾಕುವ ಕೈಗೆ ನಕ್ಷೆ ಕಷ್ಟವೇನಲ್ಲ. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದುತ್ತಾರೆ. ಹೊರಗಿನಿಂದ ಬಂದವರ ಕೆಲಸ ಸುಮ್ಮನೆ ಕುಳಿತು ನೋಡುವುದು. ಓದಿದವರಿಗೆ ಅತ್ಯಂತ ಕಷ್ಟದ ಕೆಲಸವೆಂದರೆ ಅದೇ.

ಹೀಗೆ ಕುಳಿತವರಿಗೆ ಅಚ್ಚರಿಯ ಸಂಗತಿಗಳು ಕಾಣುತ್ತವೆ. ಒಣಭೂಮಿಯ ರೈತರು ಹಳ್ಳದ ಕೊರಕಲಿಗೆ ಅಡ್ಡಲಾಗಿ ಕಲ್ಲು ಒಟ್ಟಿ, ಪ್ರತಿ ಮಳೆಗೂ ಕೊಚ್ಚಿಬರುವ ಮೆಕ್ಕಲು ಮಣ್ಣನ್ನು ಅಲ್ಲಿ ತಡೆದು, ಕೆಲವು ವರ್ಷಗಳಲ್ಲಿ ಅದೇ ಜಾಗದಲ್ಲಿ ಸಣ್ಣ ಹೊಲವನ್ನು ಮಾಡಿಕೊಳ್ಳುವುದುಂಟು. ಮಣ್ಣು ಎಲ್ಲಿಯೂ ಹೋಗಬಾರದು ಎಂಬುದು ಪುಸ್ತಕದ ಮಣ್ಣು ಸಂರಕ್ಷಣೆ. ಹೇಗೂ ಹೋಗುವ ಮಣ್ಣು ತನ್ನ ಹೊಲದಲ್ಲಿ ಬಂದು ನಿಲ್ಲಲಿ ಎಂಬುದು ರೈತನ ಯುಕ್ತಿ. ಎರಡರಲ್ಲೂ ವಿವೇಕವಿದೆ. ಎರಡನೆಯದು ಯಾವ ಪಠ್ಯದಲ್ಲೂ ಇರಲಿಲ್ಲ, ಅಷ್ಟೆ.

ಕಾಯಕ, ದಾಸೋಹದ ನೆಲ

ಸೇವೆ ಎಂಬ ಮಾತು ಈ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. 12ನೇ ಶತಮಾನದ ಶರಣರ ಕಲ್ಯಾಣ ಇಲ್ಲಿಗೆ ದೂರವಿಲ್ಲ. ದುಡಿಮೆಗೆ ‘ಕಾಯಕ’ ಎಂದೂ ಹಂಚಿ ಉಣ್ಣುವುದಕ್ಕೆ ‘ದಾಸೋಹ’ ಎಂದೂ ಅವರು ಹೊಸ ಅರ್ಥ ಕೊಟ್ಟರು. ದಾನಕ್ಕೂ ದಾಸೋಹಕ್ಕೂ ವ್ಯತ್ಯಾಸವಿದೆ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಪಡೆದವನು ಉಪಕಾರ ಮಾಡಿದಂತೆ. ಕಲಬುರಗಿಯ ಶರಣಬಸವೇಶ್ವರರ ಹೆಸರು ಇಂದಿಗೂ ದಾಸೋಹದೊಂದಿಗೆ ಬೆಸೆದುಕೊಂಡಿದೆ. ಇದೇ ನಗರದ ಖಾಜಾ ಬಂದೇನವಾಜರ ದರ್ಗಾಕ್ಕೆ ಬರುವವರಲ್ಲಿ ಯಾವ ಮತದವರು ಎಂದು ಕೇಳುವ ರೂಢಿಯಿಲ್ಲ. ಹಳ್ಳಿಗಳಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ತೀರಿಸುವ ಮುಯ್ಯಾಳಿನ ಪದ್ಧತಿಯೂ ಇತ್ತು. ಅಲ್ಲಿ ಸೇವೆಗೆ ಪ್ರಮಾಣಪತ್ರವಿರಲಿಲ್ಲ, ನೆನಪು ಇತ್ತು.

ಕನ್ನಡನಾಡಿನ ಆಧುನಿಕ ಇತಿಹಾಸದಲ್ಲೂ ಯುವಜನರನ್ನು ಶಿಸ್ತಿನ ಸೇವೆಗೆ ಕಟ್ಟಿದ ಉದಾಹರಣೆ ಇದೆ. ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹುಟ್ಟುಹಾಕಿದ ಹಿಂದೂಸ್ತಾನಿ ಸೇವಾದಳದ ನೆಲೆ ಹುಬ್ಬಳ್ಳಿ. ಸ್ವಾತಂತ್ರ್ಯ ಹೋರಾಟದ ಆ ದಿನಗಳಲ್ಲಿ ಸೇವೆಗೆ ಒಂದು ದೊಡ್ಡ ಗುರಿ ಕಣ್ಣೆದುರು ಇತ್ತು. ಇಂದಿನ ವಿದ್ಯಾರ್ಥಿ ಆ ಗುರಿಯನ್ನು ತಾನೇ ಹುಡುಕಿಕೊಳ್ಳಬೇಕಾಗಿದೆ.

ಅಂಕ ಬಂದಾಗ

ಹಾಗೆಂದು ಎಲ್ಲ ಶಿಬಿರಗಳೂ ಕಣ್ಣು ತೆರೆಸುತ್ತವೆ ಎಂದರೆ ಅದು ಹುಸಿಯಾದೀತು. ಹಾಜರಿ ಪುಸ್ತಕದಲ್ಲಿ ಗಂಟೆ ತುಂಬಿಸಿ, ಉದ್ಘಾಟನೆ ಸಮಾರೋಪಗಳ ನಡುವೆ ಉಪನ್ಯಾಸಗಳನ್ನು ಹೇರಿ, ಹೋದ ವರ್ಷ ನೆಟ್ಟ ಗುಂಡಿಯಲ್ಲೇ ಈ ವರ್ಷವೂ ಸಸಿ ನೆಟ್ಟು ಬರುವ ಶಿಬಿರಗಳಿಗೆ ಕೊರತೆಯಿಲ್ಲ. ಜಗಲಿಯ ಮೇಲೆ ಕುಳಿತ ಮುದುಕಿಯೊಬ್ಬಳು ‘ಹೋದ ವರ್ಸಾನೂ ಬಂದು ಬರಕೊಂಡು ಹೋಗ್ಯಾರಪ್ಪ, ಮುಂದ ಏನಾತು?’ ಎಂದು ಕೇಳಿದರೆ ಉತ್ತರ ಕೊಡಬಲ್ಲ ಘಟಕಗಳು ಎಷ್ಟಿವೆ? ಪಾಠದ ಹೊರೆ ಹೊತ್ತ ಅಧ್ಯಾಪಕನಿಗೆ ಶಿಬಿರಕ್ಕೆ ಬಂದವರ ಊಟ, ವಸತಿ, ಸುರಕ್ಷತೆಯ ಹೊಣೆಯೂ ಬೀಳುತ್ತದೆ. ಕೈಗೆ ಬರುವ ಹಣ ಬಿಗಿ. ಉತ್ಸಾಹವಿದ್ದವರು ಊರಿನ ನೆರವಿನಿಂದ ನಡೆಸುತ್ತಾರೆ. ಇಲ್ಲದವರು ಕಾಗದದ ಮೇಲೆ ನಡೆಸುತ್ತಾರೆ.

ಈಗ ಈ ಕಲಿಕೆ ಹೊಸ ರೂಪಗಳಲ್ಲಿ ಪಠ್ಯಕ್ರಮದ ಒಳಗೇ ಬರುತ್ತಿದೆ. 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದಲ್ಲಿ ಪಾಲ್ಗೊಂಡ ಶಿಕ್ಷಣ ಸಂಸ್ಥೆಗಳು ಹಳ್ಳಿಗಳನ್ನು ಆಯ್ದುಕೊಂಡು ಕೆಲಸ ಮಾಡಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರಲ್ಲಿ ಹೊರತಂದ ಮಾರ್ಗಸೂಚಿ ಸಾಮಾಜಿಕ ಹೊಣೆ ಮತ್ತು ಸಮುದಾಯದ ಒಡನಾಟಕ್ಕೆ ಎರಡು ಕ್ರೆಡಿಟ್‌ಗಳ ಕೋರ್ಸನ್ನು ಸೂಚಿಸಿತು. ಅದರ 30 ಗಂಟೆಗಳಲ್ಲಿ ಅರ್ಧದಷ್ಟಾದರೂ ಜನರ ನಡುವೆ ಕಳೆಯಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಿಡ ದತ್ತು ಪಡೆಯುವುದು, ಪರಂಪರೆಯ ತಾಣ ಮತ್ತು ಕುಶಲಕರ್ಮಿಗಳ ಪರಿಚಯ, ಸಾವಯವ ಕೃಷಿ, ನೀರಿನ ಸಂರಕ್ಷಣೆ, ಊರಿನ ಆಹಾರದ ಅರಿವು ಇವನ್ನೆಲ್ಲ ಒಳಗೊಂಡ ಪತ್ರಿಕೆಯನ್ನು ರೂಪಿಸಿತು. ವೈದ್ಯಕೀಯ ಶಿಕ್ಷಣದಲ್ಲೂ 2022ರಿಂದ ‘ಕುಟುಂಬ ದತ್ತು’ ಕಾರ್ಯಕ್ರಮ ಬಂದಿದೆ. ಎಂಬಿಬಿಎಸ್ ಸೇರಿದ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಮನೆಗಳ ಆರೋಗ್ಯದ ಜೊತೆ ನಂಟು ಇಟ್ಟುಕೊಳ್ಳಬೇಕು.

ಈ ಕೊನೆಯದರ ಬೆಲೆ ಕಲಬುರಗಿಯಂಥ ಊರಿಗೆ ಚೆನ್ನಾಗಿ ಗೊತ್ತಾಗಬೇಕು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ಇಲ್ಲಿಯವರದು. ರೋಗಕ್ಕಿಂತ ವೇಗವಾಗಿ ಭಯ ಹಬ್ಬಿದಾಗ, ಔಷಧಿಗಿಂತ ಮೊದಲು ಬೇಕಾಗುವುದು ನಂಬಿಕೆ. ಅದು ರೋಗ ಬಂದ ದಿನ ಹುಟ್ಟುವುದಿಲ್ಲ. ರಕ್ತಹೀನತೆಗೆ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಗರ್ಭಿಣಿ ಏಕೆ ನುಂಗುತ್ತಿಲ್ಲ ಎಂಬ ಸಣ್ಣ ಪ್ರಶ್ನೆಯನ್ನೇ ನೋಡಬಹುದು. ಆಸ್ಪತ್ರೆಯ ಮೇಜಿನಾಚೆಯಿಂದ ನೋಡಿದರೆ ಅದು ‘ಅಜ್ಞಾನ’. ಮನೆಗೆ ಹೋಗಿ ಕೇಳಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುವುದು ನೋಡಿ ಹೆದರಿಕೆಯಾಯಿತು ಎಂಬ ಉತ್ತರ ಬರುತ್ತದೆ. ಎರಡೂ ಆ ಮಾತ್ರೆಯ ತಿಳಿದ ಪರಿಣಾಮಗಳೇ. ಮೊದಲೇ ಹೇಳಿದ್ದರೆ ಆಕೆ ಮಾತ್ರೆ ನಿಲ್ಲಿಸುತ್ತಿರಲಿಲ್ಲ. ಹಾಗಾದರೆ ಅಜ್ಞಾನ ಯಾರದು?

ಸೇವೆಗೆ ಅಂಕ ಕೊಟ್ಟರೆ ಸೇವಾಭಾವ ಉಳಿದೀತೇ ಎಂಬ ಚರ್ಚೆ ಬೇರೆ ದೇಶಗಳಲ್ಲೂ ನಡೆದಿದೆ. ಮೆಕ್ಸಿಕೋದಲ್ಲಿ ಪದವಿಗೆ ಮುನ್ನ ಕನಿಷ್ಠ 480 ಗಂಟೆಗಳ ಸಮಾಜಸೇವೆ ಕಡ್ಡಾಯ. ಅಂತರ್ಯುದ್ಧದಿಂದ ಒಡೆದ ನೈಜೀರಿಯಾ 1973ರಲ್ಲಿ ಪದವೀಧರರನ್ನು ಒಂದು ವರ್ಷ ತಮ್ಮದಲ್ಲದ ಸೀಮೆಗೆ ಸೇವೆಗೆ ಕಳಿಸುವ ವ್ಯವಸ್ಥೆ ತಂದಿತು. ಫಿಲಿಪ್ಪೀನ್ಸ್ 2001ರ ಕಾನೂನಿನ ಮೂಲಕ ಸೈನಿಕ ತರಬೇತಿ, ಅಕ್ಷರ ಕಲಿಸುವುದು, ನಾಗರಿಕ ಕಲ್ಯಾಣ ಸೇವೆ ಈ ಮೂರರಲ್ಲಿ ಒಂದನ್ನು ಕಾಲೇಜು ವಿದ್ಯಾರ್ಥಿಗಳಿಗೆ ವಿಧಿಸಿತು. ಭಾರತದ ಎನ್ನೆಸ್ಸೆಸ್ ಮಾತ್ರ ಹುಟ್ಟಿನಿಂದಲೇ ಸ್ವಇಚ್ಛೆಯ ದಾರಿ ಹಿಡಿದದ್ದು. ಕಡ್ಡಾಯ ಮಾಡಿದರೆ ಎಲ್ಲರೂ ಹಳ್ಳಿ ನೋಡುತ್ತಾರೆ ಎಂಬ ಲಾಭ ಒಂದೆಡೆ. ಒತ್ತಾಯಕ್ಕೆ ಬಂದವರ ಮುಖವನ್ನು ಹಳ್ಳಿಯವರು ನೋಡಬೇಕಾಗುತ್ತದೆ ಎಂಬ ನಷ್ಟ ಇನ್ನೊಂದೆಡೆ.

ಆದರೆ ಈ ಕಲಿಕೆಯ ಮೌಲ್ಯಮಾಪನಕ್ಕೆ ಒಂದು ದಾರಿ ಇದೆ. ಎಷ್ಟು ಗಂಟೆ, ಎಷ್ಟು ಸಸಿ, ಎಷ್ಟು ಮೀಟರ್ ಚರಂಡಿ ಎಂದು ಕೇಳುವ ಜೊತೆಗೆ, ಹೋಗುವ ಮೊದಲು ಏನು ತಿಳಿದಿದ್ದೆ, ಬಂದ ಮೇಲೆ ಅದರಲ್ಲಿ ಯಾವುದು ತಪ್ಪೆಂದು ಗೊತ್ತಾಯಿತು ಎಂದು ವಿದ್ಯಾರ್ಥಿಯನ್ನು ಕೇಳಬಹುದು. ವರದಿಯ ಒಂದು ಪ್ರತಿಯನ್ನು ಪಂಚಾಯತಿಗೆ ಕೊಟ್ಟು, ಗ್ರಾಮಸಭೆಯಲ್ಲಿ ಓದಿ ಹೇಳಿ, ಊರವರಿಂದ ತಿದ್ದಿಸಬಹುದು. ಒಂದೇ ಹಳ್ಳಿಗೆ ಮೂರು ನಾಲ್ಕು ವರ್ಷ ಸತತವಾಗಿ ಹೋಗಿ, ಹಿಂದಿನ ತಂಡ ಬಿಟ್ಟ ಕಡೆಯಿಂದ ಮುಂದಿನ ತಂಡ ಹಿಡಿಯಬಹುದು. ಇದಕ್ಕೆ ಹೆಚ್ಚಿನ ಹಣ ಬೇಡ, ಹೊಸ ಕಾಯಿದೆಯೂ ಬೇಡ.

ಶಿಬಿರ ಮುಗಿಸಿ ಸೇಡಂ ರಸ್ತೆಯ ಆವರಣಕ್ಕೆ ಮರಳಿದ ವಿದ್ಯಾರ್ಥಿ ಕೆಲವೇ ವರ್ಷಗಳಲ್ಲಿ ಶಿಕ್ಷಕನೋ, ವೈದ್ಯನೋ, ತಹಶೀಲ್ದಾರನೋ, ಪಂಚಾಯತಿಯ ಅಭಿವೃದ್ಧಿ ಅಧಿಕಾರಿಯೋ ಆಗುತ್ತಾನೆ. ಆಗ ಅವನ ಮೇಜಿನ ಎದುರು ನಿಲ್ಲುವವರು ಅದೇ ಹಳ್ಳಿಯ ಜನ. ಅವರನ್ನು ಕೂರಿಸಿ ಮಾತಾಡುತ್ತಾನೋ, ನಿಲ್ಲಿಸಿ ಕಳಿಸುತ್ತಾನೋ ಎಂಬುದೇ ಈ ಕೋರ್ಸಿನ ನಿಜವಾದ ಫಲಿತಾಂಶ. ‘ಮುಂದ ಏನಾತು?’ ಎಂಬ ಮುದುಕಿಯ ಪ್ರಶ್ನೆಗೆ ಉತ್ತರ ದೊರೆಯುವುದು ಅಲ್ಲಿ.